ಬಾಗಿಲಿಗೆ ಹೇಳಿದ ಮಾತು

ನನಗೆ ಒಂದು ಕಡೆ ನೆಟ್ಟಗೆ ಕೂತು ಅಭ್ಯಾಸವಿಲ್ಲ. ಹೊಲಿಗೆ ಮಷೀನಿನ ಮುಂದೆ ಕೂತಿದ್ದರೂ ಕಿವಿ ಹಿಂದಿನ ಗೋಡೆಯ ಕಡೆಗೇ ಇರುತ್ತದೆ. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವರೆಲ್ಲ ಸ್ವಲ್ಪ ಹೀಗೆಯೇ. ಮಹಡಿ ಮನೆಗಳಲ್ಲಿ ಮುಂದಿನ ಮೆಟ್ಟಿಲು ಇದ್ದಲ್ಲೇ ಇರುತ್ತದೆ, ಪಾಪ, ಅದರಿಂದ ಯಾರಿಗೂ ತೊಂದರೆಯಿಲ್ಲ. ಹಿಂದಿನ ಮೆಟ್ಟಿಲು ಮಾತ್ರ ಓಡಾಡುತ್ತದೆ. ಇವತ್ತು ಒಂದನೇ ಮಹಡಿಯ ಫಿಲೋಮಿನಾ ಮನೆಯ ಬಚ್ಚಲ ಪಕ್ಕ ಇದ್ದದ್ದು ನಾಳೆ ಇನ್ನಾರದೋ ಮನೆಯ ಕೋಣೆಯಲ್ಲಿ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಅದೇ ಕಲ್ಲು, ಅದೇ ತುಕ್ಕು ಹಿಡಿದ ಕಂಬಿ, ಅದೇ ತಣ್ಣನೆಯ ವಾಸನೆ. ಯಾವ ಮನೆಯಿಂದ ಇಳಿದರೂ ಅದು ಹಿತ್ತಲಿನ ಬಾವಿಕಟ್ಟೆಗೇ ಹೋಗಿ ಮುಟ್ಟುತ್ತದೆ. ಒಂದು ಕಟ್ಟಡಕ್ಕೆ ಒಂದೇ, ಒಂದು ಹೊತ್ತಿಗೆ ಒಂದೇ ಮನೆಯಲ್ಲಿ.

ಎಷ್ಟು ಕಿವಿಗೊಟ್ಟರೂ ಅದು ಬರುವುದು ಯಾರಿಗೂ ಕೇಳಿಸುವುದಿಲ್ಲ. ಅಲ್ಲಿದ್ದ ಕಪಾಟು ಪಕ್ಕಕ್ಕೆ ಸರಿದಿರುತ್ತದೆ, ಒಳಗಿನ ಲೋಟ ಕೂಡ ಅಲುಗಿರುವುದಿಲ್ಲ. ನಾವು ಹಿಂದಿನ ಗೋಡೆಗೆ ದೇವರ ಪಟ ಹಾಕುವುದಿಲ್ಲ, ಅಷ್ಟೇ. ಮೆಟ್ಟಿಲು ಬಂದ ಮನೆಯವರು ಅದು ಹೋಗುವವರೆಗೂ ಮುಂಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಬೆಂಕಿ ಬಿದ್ದರೆ ಇಡೀ ಕಟ್ಟಡದವರು ಆ ಮನೆಯೊಳಗಿಂದಲೇ ಓಡಬೇಕಲ್ಲ! ಕಡೆಯವರು ದಾಟುವವರೆಗೆ ಆ ಮನೆಯ ಹಿರಿಯರು ಬಾಗಿಲಲ್ಲಿ ನಿಂತಿರಬೇಕು. "ನಿಮ್ಮನೆಗೆ ಬಂದಿದೆಯಂತೆ?" ಎಂದು ಅಕ್ಕಪಕ್ಕದವರು ಕೇಳುತ್ತಾರೆ, ನೆಂಟರು ಬಂದಿರುವ ಹಾಗೆ. "ಹೂಂ, ಬಂದು ಕೂತಿದೆ, ಯಾವಾಗ ಹೊರಡುತ್ತೋ" ಎಂದು ನಾವೂ ಗೊಣಗುತ್ತೇವೆ.

ಕಾನೂನು ಹೇಳುವುದು ಇಷ್ಟೇ. ಕಟ್ಟಡದ ಮಾಲೀಕರು ದಿನಾ ಬೆಳಿಗ್ಗೆ ಮೆಟ್ಟಿಲು ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ ಬಾಡಿಗೆಯವರ ಮನೆಮನೆಗೂ ಹೋಗಿ, ಮುಖ ನೋಡಿ, ಬಾಯಿಬಿಟ್ಟು ಹೇಳಬೇಕು. ಕೇಳಿಸಿಕೊಂಡವರು ಅದನ್ನು ತಿರುಗಿ ಒಪ್ಪಿಸಬೇಕು. ಚೀಟಿ ಅಂಟಿಸಿದರೆ ನಡೆಯುವುದಿಲ್ಲ. ಮೆಟ್ಟಿಲು ಹೋಗಿರುತ್ತದೆ, ಚೀಟಿ ಅಲ್ಲೇ ಇರುತ್ತದೆ. ನಡುವೆ ಅದು ಜಾಗ ಬದಲಿಸಿದರೆ, ಯಾರ ಮನೆಗೆ ಬಂತೋ ಅವರು ಆ ಕ್ಷಣವೇ ಮಾಲೀಕರಿಗೆ ತಿಳಿಸಬೇಕು. ಮಾಲೀಕರು ಮತ್ತೆ ಎಲ್ಲರಿಗೂ ತಿಳಿಸಬೇಕು.

ನಮ್ಮ ಮಾಲೀಕರು ಶಾಂತವೀರಪ್ಪನವರು. ಕಟ್ಟಡ ಅವರ ತಂದೆಯ ಕಾಲದ್ದು. ಇವರು ರಿಟೈರ್ ಆಗುವವರೆಗೆ ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಕೆಲಸದಲ್ಲಿದ್ದರು. ಅಬ್ಬಾ, ಆ ಗಂಟಲು! ಮೂರನೇ ಮಹಡಿಯ ಅವರ ಮನೆಯಿಂದ ಕೂಗಿದರೆ ರಸ್ತೆಯಲ್ಲಿ ಹೋಗುವವರು ತಮಗೇನಾದರೂ ಸಮನ್ಸ್ ಬಂತೇ ಎಂದು ನಿಂತು ನೋಡುತ್ತಿದ್ದರು. ಬೆಳಿಗ್ಗೆ ಬೆತ್ತದಿಂದ ಗೋಡೆಗಳನ್ನು ತಟ್ಟುತ್ತಾ ಇಳಿದು, ಮೆಟ್ಟಿಲು ಪತ್ತೆ ಮಾಡಿ, ಒಂದೊಂದೇ ಬಾಗಿಲ ಮುಂದೆ ನಿಂತು ಅದೇ ರಾಗದಲ್ಲಿ ಹೇಳುವರು: "ಮೆಟ್ಟಿಲು ಇಂಥಾ ಕಡೆ ಇದೆ. ಹೊಗೆ ಕಂಡ್ರೆ ಬಗ್ಗಿ ನಡೀರಿ. ಮುಚ್ಚಿದ ಬಾಗಿಲು ತೆಗೆಯೋಕೆ ಮುಂಚೆ ಕೈ ಹಿಂಭಾಗ ಇಟ್ಟು ನೋಡಿ, ಬಿಸಿ ಇದ್ರೆ ತೆಗೀಬೇಡಿ. ಮೂಗಿಗೆ ಒದ್ದೆ ಬಟ್ಟೆ. ಸಾಮಾನು ಅಂತ ವಾಪಸ್ ಹೋಗ್ಬೇಡಿ. ಬಾವಿಕಟ್ಟೆ ಹತ್ರ ಸೇರಿ. ಕೇಳಿಸ್ತಾ? ತಿರುಗಿ ಹೇಳಿ!"

ಈ ಮನುಷ್ಯನ ಜೊತೆ ನಾನು ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಕಾರಣ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ನನ್ನ ಮಗಳು ಕುಮುದಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಮನೆತನ, ಹುಡುಗನಿಗೆ ಖಾಯಂ ಕೆಲಸ. ಅವತ್ತು ಮೆಟ್ಟಿಲು ನಮ್ಮ ಅಡುಗೆಮನೆಯಲ್ಲಿತ್ತು. ಇರಲಿ, ಅದರ ಮುಂದೆ ಪರದೆ ಇಳಿಬಿಟ್ಟು ಮುಚ್ಚಿದ್ದೆ. ಕುಮುದಾ ಕಾಫಿ ತಟ್ಟೆ ಹಿಡಿದು ಈಚೆ ಬರುವುದಕ್ಕೂ, ಈ ಪುಣ್ಯಾತ್ಮ ನಗರಸಭೆಯ ಸಾಹೇಬರನ್ನು ಕರೆದುಕೊಂಡು ಬೆಂಕಿ ಕವಾಯತು ಎಂದು ಬಾಗಿಲು ದೂಡುವುದಕ್ಕೂ ಸರಿಹೋಯಿತು. ಹಿಂದೆ ಇಡೀ ಕಟ್ಟಡದ ಜನ, ಎಲ್ಲರೂ ಬಗ್ಗಿಕೊಂಡು, ಮೂಗಿಗೆ ಒದ್ದೆ ಟವೆಲ್ ಹಿಡಿದುಕೊಂಡು ಗಂಡಿನ ತಾಯಿಯ ಮುಂದೆಯೇ ಸಾಲಾಗಿ ಹಾದು ಹೋದರು. ಆಕೆ ಬೇರೆ ಊರಿನವರು, ಓಡಾಡುವ ಮೆಟ್ಟಿಲನ್ನು ಕಂಡವರಲ್ಲ. ಕಾಫಿ ಮುಟ್ಟದೆ ಎದ್ದರು. ಗಂಡು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ನಾಳೆ ಮಾಡಿದ್ರೆ ಆಗ್ತಿರ್ಲಿಲ್ವಾ?" ಎಂದು ಕೇಳಿದೆ.

"ಬೆಂಕಿ ನಾಳೆ ಬರ್ತೀನಿ ಅಂತ ಹೇಳ್ಕಳಿಸುತ್ತಾ?" ಎಂದರು, ಕೋರ್ಟಿನ ಗಂಟಲಿನಲ್ಲಿ.

ಅಷ್ಟೇ. ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ. ಕುಮುದಾ ಮಾತ್ರ ನಕ್ಕುಬಿಟ್ಟಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಮದುವೆಯ ಅವಸರ ಅವಳಿಗಿರಲಿಲ್ಲ. "ಅಮ್ಮ, ಒಂದು ಟವೆಲ್ ನೋಡಿ ಹೆದರೋರ ಮನೇಲಿ ನಾನೇನು ಬಾಳ್ತಿದ್ನೇ? ಶಾಂತವೀರಪ್ಪನೋರಿಗೆ ಹಾರ ಹಾಕು ಹೋಗು" ಎಂದಳು. ನನಗೆ ಇನ್ನೂ ರೇಗಿತು.

ಆದರೆ ಕಾನೂನು ಕಾನೂನೇ. ಅವರು ಹೇಳಲೇಬೇಕು, ನಾನು ಒಪ್ಪಿಸಲೇಬೇಕು. ಅವರೂ ಜಂಬದಲ್ಲಿ ನನಗೇನೂ ಕಡಿಮೆಯಿರಲಿಲ್ಲ. ಬೆಳಿಗ್ಗೆ ಎರಡನೇ ಮಹಡಿಯ ನಮ್ಮ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ ಬಾಗಿಲ ಚೌಕಟ್ಟಿಗೆ ಹೇಳುವರು: "ಲೋ ಬಾಗ್ಲೇ, ಮೆಟ್ಟಿಲು ಇವತ್ತು ಫಿಲೋಮಿನಾ ಮನೇಲಿದೆ. ಹೊಗೆ ಕಂಡ್ರೆ ಬಗ್ಗಿ ನಡಿ." ನಾನು ಒಳಗೆ ಮಷೀನಿನ ಕಡೆ ತಿರುಗಿ, "ನೋಡಮ್ಮ ಮಷೀನೇ, ಮೆಟ್ಟಿಲು ಫಿಲೋಮಿನಾ ಮನೇಲಂತೆ, ಹೊಗೆ ಕಂಡ್ರೆ ಬಗ್ಗಿ ನಡೀಬೇಕಂತೆ" ಎನ್ನುವೆ. ಬಾಗಿಲು ಬಗ್ಗಿ ಎಲ್ಲಿಗೆ ಹೋಗಬೇಕಿತ್ತೋ ದೇವರಿಗೇ ಗೊತ್ತು. ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ನಾಗಭೂಷಣ ಇದನ್ನು ನೋಡಲೆಂದೇ ಕಾಫಿ ಲೋಟ ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದರು. ಮೆಟ್ಟಿಲು ನಮ್ಮ ಮನೆಗೆ ಬಂದ ದಿನ ಮಾಲೀಕರಿಗೆ ಸುದ್ದಿ ಮುಟ್ಟಿಸುವವರೂ ಅವರೇ. "ನೀವಿಬ್ರೂ ಸೇರಿ ನನ್ನನ್ನ ಪೋಸ್ಟ್‌ಮ್ಯಾನ್ ಮಾಡಿಬಿಟ್ರಿ ಕಣಮ್ಮ" ಎಂದು ಗೊಣಗಿದರೂ ಹೋಗಿ ಹೇಳಿ ಬರುತ್ತಿದ್ದರು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಶಾಂತವೀರಪ್ಪನವರು ಬಹಳ ಗತ್ತಿನಲ್ಲಿ ಬಂದರು. "ಬಾಗ್ಲೇ, ಮೆಟ್ಟಿಲು ಇವತ್ತು ನಮ್ಮನೇಲೇ ಇದೆ. ಮೂರನೇ ಮಹಡಿ, ಬಚ್ಚಲಮನೆ ಎಡಗಡೆ. ಎಲ್ಲರೂ ಮೇಲಕ್ಕೆ ಬರಬೇಕು" ಎಂದರು. ಮೆಟ್ಟಿಲು ಅವರ ಮನೆಗೆ ಹೋಗುವುದು ಅಪರೂಪ. ಊರಿಗೆಲ್ಲ ಹೇಳುವವರ ಮನೆಗೆ ಅದು ಹೋಗದೆ ಇದ್ದದ್ದು ಅವರಿಗೆ ಸ್ವಲ್ಪ ಅವಮಾನವೇ ಆಗಿತ್ತು ಎಂದು ಕಾಣುತ್ತದೆ. ನಾನು ಮಷೀನಿಗೆ ಒಪ್ಪಿಸಿದೆ. ಕುಮುದಾ ಡ್ಯೂಟಿಗೆ ಹೋದಳು.

ಮಧ್ಯಾಹ್ನ ಊಟ ಮುಗಿಸಿ ತಟ್ಟೆ ತೊಳೆಯಲು ಅಡುಗೆಮನೆಗೆ ಹೋಗುತ್ತೇನೆ, ಗ್ರೈಂಡರ್ ಕಿಟಕಿಯ ಕೆಳಗೆ ಸರಿದು ಕೂತಿದೆ. ಅದಿದ್ದ ಜಾಗದಲ್ಲಿ ಮೆಟ್ಟಿಲು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. "ಬಂದ್ಯಾ, ಮಹರಾಯ್ತಿ?" ಎಂದೆ. ಬೆಳಿಗ್ಗೆ ಅವರ ಮನೆಗೆ ಹೋಗಿ ಮಧ್ಯಾಹ್ನಕ್ಕೆ ನಮ್ಮನೆಗೆ ಬಂದಿದೆಯಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಚಿಲಕ ತೆಗೆದಿಟ್ಟು ಮೇಷ್ಟ್ರ ಮನೆಗೆ ಹೋದೆ. ಬೀಗ! ಕ್ಷೌರಕ್ಕೆ ಹೋಗಿದ್ದರು. ಆ ಅಂಗಡಿಯಲ್ಲಿ ಕೂತರೆ ಪೇಪರು ಪೂರ್ತಿ ಓದದೆ ಏಳುವವರಲ್ಲ.

ಆಗ ಶುರುವಾಯಿತು ನನ್ನ ಪರದಾಟ. ಮೇಲೆ ಹೋಗಿ ಹೇಳಬೇಕು. ಯಾರಿಗೆ ಹೇಳಲಿ? ಅವರ ಬಾಗಿಲಿಗೋ, ಗೋಡೆಗೋ? ಅವರ ಹೆಂಡತಿ ವಿಶಾಲಮ್ಮನಿಗೆ ಮಂಡಿನೋವು, ಮಂಚ ಬಿಟ್ಟು ಏಳುವುದು ಕಷ್ಟ. ಆಕೆಗೆ ಕೇಳಿಸುವಂತೆ ಹೊರಗಿನಿಂದಲೇ ಕೂಗಿದರೆ? ಅದೂ ಅವರ ಜೊತೆ ಮಾತಾಡಿದ ಹಾಗೇ ಆಗುತ್ತದೆ. ಸೆರಗು ಸರಿಮಾಡಿಕೊಂಡು ಮುಂದಿನ ಮೆಟ್ಟಿಲು ಅರ್ಧ ಹತ್ತಿದೆ, ಇಳಿದೆ. ಒಳಗೆ ಬಂದು ರವಿಕೆಗೆ ಒಂದು ಹುಕ್ಕು ಹೊಲಿದೆ, ಬಿಚ್ಚಿದೆ. ಮತ್ತೆ ಎದ್ದೆ. ನೀರು ಕುಡಿದೆ. ಮತ್ತೆ ಅರ್ಧ ಹತ್ತಿ, "ಗ್ರಿಲ್ಲೇ, ಮೆಟ್ಟಿಲು ನಮ್ಮನೆಗೆ ಬಂತು" ಎಂದು ಕಂಬಿಗೆ ಹೇಳಿ ನೋಡಿದೆ. ನನ್ನ ಗಂಟಲು ಅವರ ಗಂಟಲಲ್ಲವಲ್ಲ, ಮೇಲೆ ಯಾರೂ ಕೆಮ್ಮಲೂ ಇಲ್ಲ. ಮೇಷ್ಟ್ರು ಬಂದುಬಿಡಲಿ, ಇನ್ನೇನು ಬರುತ್ತಾರೆ ಎಂದು ಕಿಟಕಿಯಲ್ಲಿ ನಿಂತು ದಾರಿ ನೋಡಿದೆ. ಕಾಲು ಒಂದು ಕಡೆ ನಿಲ್ಲಲೊಲ್ಲದು. ಇಷ್ಟು ಸಣ್ಣ ಮಾತಿಗೆ ಇಷ್ಟೊಂದು ಒದ್ದಾಟವೇ ಎಂದು ನನ್ನ ಮೇಲೆ ನನಗೇ ಕೋಪ ಬಂತು.

ಮೊದಲು ಬಂದದ್ದು ವಾಸನೆ. ಸುಟ್ಟ ಹತ್ತಿಯದು. ನೆಲಮಹಡಿಯಲ್ಲಿ ದೇವೀರಪ್ಪನ ಹಾಸಿಗೆ ಅಂಗಡಿ ಇದೆ, ಹತ್ತಿ ಎಕ್ಕುವ ಯಂತ್ರ ದಿನವಿಡೀ ಗರಗುಟ್ಟುತ್ತಿರುತ್ತದೆ. ಆ ಸದ್ದು ನಿಂತಿತ್ತು. ಬಾಗಿಲು ತೆಗೆದರೆ ಮುಂದಿನ ಮೆಟ್ಟಿಲಿನ ಕೆಳಗಿನಿಂದ ಹಳದಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿದೆ! "ಬೆಂಕಿ! ಬೆಂಕಿ!" ಎಂದು ರಸ್ತೆಯಲ್ಲಿ ಕೂಗು. ಒಂದನೇ ಮಹಡಿಯ ಎರಡೂ ಮನೆಯವರು ಬಗ್ಗಿಕೊಂಡು ಮೇಲಕ್ಕೆ ಓಡಿ ಬರುತ್ತಿದ್ದರು. ಬೆಳಿಗ್ಗೆ ಹೇಳಿದ್ದು ಹಾಗೇ ತಾನೇ, ಎಲ್ಲರೂ ಮೇಲಕ್ಕೆ ಬರಬೇಕು ಎಂದು. ಫಿಲೋಮಿನಾ ಎರಡು ಮಕ್ಕಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡಿದ್ದಳು.

"ಮೇಲೆ ಹೋಗ್ಬೇಡಿ! ಇಲ್ಲಿ ಬನ್ನಿ, ನಮ್ಮನೆ! ಅಡುಗೆಮನೆ, ಕಿಟಕಿ ಬಲಗಡೆ!" ಎಂದು ನಾನು ಬಾಗಿಲಲ್ಲಿ ನಿಂತು ಅರಚಿದೆ.

"ಮೇಲೆ ಅಂದಿದ್ರಲ್ಲಾ!"

"ಈಗ ಇಲ್ಲಿದೆ ಕಣೇ, ನುಗ್ಗು ಒಳಗೆ!"

ನುಗ್ಗಿದರು. ಮಷೀನು ದಾರಿಗೆ ಅಡ್ಡ ಇತ್ತು, ಕಾಲಿನಿಂದ ಒದ್ದು ಬದಿಗೆ ಸರಿಸಿದೆ. ಯಾರದೋ ಮದುವೆಯ ರವಿಕೆಯ ಮೇಲೆ ಎಲ್ಲರೂ ಹಾದು ಹೋದರು. ಕಡೆಗೆ ಫಿಲೋಮಿನಾ ಗಂಡ ಜೋಸೆಫ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದ.

"ಮೇಲಿನೋರು?"

"ನೀನು ನಡಿ."

"ಅವರಿಗೆ ಗೊತ್ತಿರುತ್ತೆ ಬಿಡಿ ಅಕ್ಕ. ನಮಗೆಲ್ಲ ಹೇಳೋರೇ ಅವರಲ್ವಾ? ಬನ್ನಿ ನೀವು" ಎಂದು ಇಳಿದು ಹೋದ.

ಅವರಿಗೆ ಗೊತ್ತಿಲ್ಲ. ಹೇಳಬೇಕಾಗಿದ್ದವಳು ನಾನು. ಮೆಟ್ಟಿಲು ತಮ್ಮ ಮನೆಯಲ್ಲಿಯೇ ಇದೆ ಎಂದು ತಿಳಿದಿರುವ ಮನುಷ್ಯ ಈಗ ಏನು ಮಾಡುತ್ತಿರುತ್ತಾನೆ? ಬಾಗಿಲು ಪೂರಾ ತೆಗೆದುಕೊಂಡು, ಕಡೆಯವರು ದಾಟಲಿ ಎಂದು ಕಾಯುತ್ತಾ ನಿಂತಿರುತ್ತಾನೆ. ಹೊಗೆ ಮೇಲಕ್ಕೇ ತಾನೇ ಹೋಗುವುದು! ಒಬ್ಬರೂ ಬರುವುದಿಲ್ಲ, ಅವರು ಕದಲುವುದಿಲ್ಲ.

ಆಗಲೇ ಕೇಳಿಸಿದ್ದು. ಹೊಗೆಯ ಆಚೆಯಿಂದ, ಕೋರ್ಟಿನಲ್ಲಿ ಕರೆಯುವ ಹಾಗೆ, ಒಂದೊಂದೇ ಹೆಸರು. "ಒಂದನೇ ಮಹಡಿ ಫಿಲೋಮಿನಾಆಆ! ಜೋಸೆಫ್‌ಫ್! ಎರಡನೇ ಮಹಡಿ ನಾಗಭೂಷಣಾಆಆ!" ಅದಾದ ಮೇಲೆ, "ಎರಡನೇ ಮಹಡಿ ದಾಕ್ಷಾಯಿಣಮ್ಮಾಆಆ! ದಾಕ್ಷಾಯಿಣಮ್ಮಾಆಆ! ದಾಕ್ಷಾಯಿಣಮ್ಮಾಆಆ!"

ಆ ಬಾಯಲ್ಲಿ ನನ್ನ ಹೆಸರು ಕೇಳಿ ವರ್ಷವಾಗಿತ್ತು. ಬಕೆಟಿನಲ್ಲಿ ನೆನೆಹಾಕಿದ್ದ ಟವೆಲ್ ಮೂಗಿಗೆ ಕಟ್ಟಿಕೊಂಡೆ. "ಹೊಗೆ ಕಂಡ್ರೆ ಬಗ್ಗಿ ನಡಿ" ಎಂದು ತಲೆಯೊಳಗೆ ಅವರದೇ ರಾಗ. ಬಗ್ಗಿದೆ. ಕೈಕಾಲು ಊರಿಕೊಂಡು ಹತ್ತಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಮೇಲೆ ಬೆತ್ತದಿಂದ ಚೌಕಟ್ಟಿಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ದಾರಿ ತಪ್ಪಬಾರದೆಂದು ಬಡಿಯುತ್ತಿದ್ದರು, ನಮಗಾಗಿ. ಕೂಗು ನಡುನಡುವೆ ಕೆಮ್ಮಾಗುತ್ತಿತ್ತು. ಕೆಮ್ಮು ಮುಗಿದರೆ ಮತ್ತೆ ನನ್ನ ಹೆಸರೇ. ನಾನು ಕೂಗಿ ಓಗೊಡಬೇಕೆಂದರೆ ಟವೆಲ್ ತೆಗೆದು ಬಾಯಿ ಬಿಡಬೇಕಿತ್ತು, ಅದು ಆಗಲಿಲ್ಲ.

ಬಾಗಿಲಲ್ಲಿ ನಿಂತೇ ಇದ್ದರು. ಅವರ ಮೂಗಿಗೆ ಬಟ್ಟೆಯಿರಲಿಲ್ಲ. ಬಟ್ಟೆ ಕಟ್ಟಿಕೊಂಡರೆ ಕೂಗುವುದು ಹೇಗೆ? ನನ್ನನ್ನು ಕಂಡದ್ದೇ ಪಕ್ಕಕ್ಕೆ ತಿರುಗಿ, ಚೌಕಟ್ಟಿನ ಕಡೆಗೆ, "ಒಳಗೆ ಹೋಗ್ಬೇಕು, ಎಡಗಡೆ..." ಎಂದರು. ಅಭ್ಯಾಸ ನೋಡಿ!

ನಾನು ಅವರ ಎರಡೂ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. ಟವೆಲ್ ಕಿತ್ತೆ. "ಮುಖ ನೋಡಿ. ಮೆಟ್ಟಿಲು ಇಲ್ಲಿಲ್ಲ. ನಮ್ಮನೇಲಿದೆ."

"ಬೆಳಿಗ್ಗೆ ನಾನೇ ನೋಡಿದೀನಿ..."

"ಮಧ್ಯಾಹ್ನ ಬಂತು. ನಾನು ಹೇಳ್ಲಿಲ್ಲ. ಈಗ ಹೇಳ್ತಿದೀನಿ. ಎರಡನೇ ಮಹಡಿ, ನಮ್ಮ ಅಡುಗೆಮನೆ, ಕಿಟಕಿ ಬಲಗಡೆ. ಎಲ್ಲರೂ ಇಳಿದ್ರು. ಮೇಷ್ಟ್ರು ಕ್ಷೌರಕ್ಕೆ ಹೋಗಿದಾರೆ. ಉಳಿದೋರು ನಾವೇ. ಕೇಳಿಸ್ತಾ? ತಿರುಗಿ ಹೇಳಿ!"

ಅವರು ನನ್ನನ್ನು ನೋಡಿದರು. ಕಣ್ಣು ಕೆಂಡದಂತೆ ಕೆಂಪಗಾಗಿತ್ತು, ನೀರು ಸುರಿಯುತ್ತಿತ್ತು. "ಎರಡನೇ ಮಹಡಿ," ಎಂದರು, "ದಾಕ್ಷಾಯಿಣಮ್ಮನ ಮನೆ. ಅಡುಗೆಮನೆ. ಕಿಟಕಿ ಬಲಗಡೆ." ಅಲ್ಲಿಗೆ ಕೆಮ್ಮು ಮಾತನ್ನು ನುಂಗಿತು.

ವಿಶಾಲಮ್ಮ ಒಳಗೆ ಮಂಚದ ಮೇಲೆ ದೇವರ ನಾಮ ಹೇಳುತ್ತಾ ಕೂತಿದ್ದರು. ಬೆತ್ತದ ಕುರ್ಚಿಯಲ್ಲಿ ಕೂರಿಸಿ ಅವರೊಂದು ಕಡೆ, ನಾನೊಂದು ಕಡೆ ಹಿಡಿದೆವು. ನನ್ನ ಟವೆಲ್ ಆಕೆಯ ಮುಖಕ್ಕೆ ಹಾಕಿದೆ. ಆ ಒಂದು ಸುತ್ತು ಮೆಟ್ಟಿಲು ಹೇಗೆ ಇಳಿದೆವೋ ನನಗೆ ನೆನಪಿಲ್ಲ, ಆಕೆ "ನಿಧಾನ, ನಿಧಾನ" ಎನ್ನುತ್ತಿದ್ದದ್ದು ಮಾತ್ರ ನೆನಪಿದೆ. ಕೆಳಗೆ ಬಂದಾಗ ನಮ್ಮ ಮನೆಯ ಬಾಗಿಲು ಹೊಗೆಯಲ್ಲಿ ಕಾಣಲೇ ಇಲ್ಲ, ತಡವಿಕೊಂಡು ಒಳಗೆ ಹೊಕ್ಕೆವು. ಅಡುಗೆಮನೆಯಲ್ಲಿ ಅದು ಇತ್ತು. ನಾವು ಬರುವುದರೊಳಗೆ ಎಲ್ಲಿ ಎದ್ದು ಹೋಗಿಬಿಡುತ್ತದೋ ಎಂಬ ಭಯ ದಾರಿಯುದ್ದಕ್ಕೂ ನನ್ನನ್ನು ತಿಂದಿತ್ತು.

"ನೀವು ಮೊದಲು," ಎಂದೆ. ಶಾಂತವೀರಪ್ಪನವರು ನಿಂತರು. ಮಾಲೀಕರು ಕಡೆಗೆ ಇಳಿಯಬೇಕು ಎಂದು ಅವರ ಹಟ.

"ಮೆಟ್ಟಿಲು ನನ್ನ ಮನೇಲಿದೆ. ಕಡೆಗೆ ಇಳಿಯೋಳು ನಾನು. ಕಾನೂನು ನಿಮ್ಮದೇ ಅಲ್ವಾ? ನಡೀರಿ!"

ಕೆಳಗಿನಿಂದ ಜೋಸೆಫ್ ಓಡಿ ಬಂದು ಕುರ್ಚಿಗೆ ಕೈಕೊಟ್ಟ. ಅವರು ಇಳಿದರು. ನಾನು ಹಿಂದೆ ಇಳಿದೆ. ತಣ್ಣನೆಯ ಕಲ್ಲು ಬರಿಗಾಲಿಗೆ ತಾಗಿದಾಗ ನನಗೆ ಅಳು ಬಂತು, ಯಾಕೆ ಮುಚ್ಚಿಡಲಿ, ಜೋರಾಗಿಯೇ ಅತ್ತೆ.

ಬಾವಿಕಟ್ಟೆಯ ಹತ್ತಿರ ಎಲ್ಲರೂ ಸೇರಿದ್ದೆವು. ಬೆಂಕಿ ಇಂಜಿನ್ನಿನವರು ನೀರು ಬಿಟ್ಟರು. ಮೇಷ್ಟ್ರು ಅರ್ಧ ಬೋಳಿಸಿದ ಗಡ್ಡದಲ್ಲಿಯೇ ಓಡಿ ಬಂದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಮುಟ್ಟಿ ಮುಟ್ಟಿ ನೋಡಿದರು. ಕುಮುದಾ ಆಸ್ಪತ್ರೆಯ ಗಾಡಿಯಲ್ಲಿ ಬಂದಳು. ನನ್ನನ್ನು ತಬ್ಬಿಕೊಂಡು ಬೈದಳು, ಬೈದು ತಬ್ಬಿಕೊಂಡಳು. ಶಾಂತವೀರಪ್ಪನವರ ಮೂಗಿಗೆ ನಳಿಗೆ ಇಟ್ಟು ಕರೆದುಕೊಂಡು ಹೋದರು. ಗಾಡಿ ಹತ್ತುವಾಗ ಅವರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಬಾಯಿ ಆಡಿತು, ಸದ್ದು ಬರಲಿಲ್ಲ.

ಆ ಸದ್ದು ಮತ್ತೆ ಬರಲೇ ಇಲ್ಲ. ಒಳಗೆಲ್ಲ ಸುಟ್ಟಿದೆ, ಪಿಸುಮಾತಷ್ಟೇ ಉಳಿದೀತು ಎಂದರು ಡಾಕ್ಟರು. ಕುಮುದಾ ಅದನ್ನು ನನಗೆ ಬಂದು ಹೇಳಿದಾಗ ನಾನು ಎರಡು ದಿನ ಅನ್ನ ಮುಟ್ಟಲಿಲ್ಲ. ಕೂಗಿ ಕೂಗಿ ಹೋದ ಗಂಟಲದು. ಕೂಗಿದ್ದು ಯಾರ ಹೆಸರು ಎಂದು ನನಗೆ ಗೊತ್ತಿತ್ತಲ್ಲ.

ಕಟ್ಟಡಕ್ಕೆ ಸುಣ್ಣ ಬಳಿದರು, ನಾವೆಲ್ಲ ಮರಳಿ ಬಂದೆವು. ದೇವೀರಪ್ಪ ಅಂಗಡಿಯನ್ನು ಊರಾಚೆಗೆ ಒಯ್ದ. ನಗರಸಭೆಯ ಸಾಹೇಬರು ಬಂದು, ಮಾಲೀಕರು ಬಾಯಿಬಿಟ್ಟು ಹೇಳಲಾರದಿದ್ದರೆ ಕಟ್ಟಡ ಖಾಲಿ ಮಾಡಿಸಬೇಕಾಗುತ್ತದೆ ಎಂದು ರಾಗ ಎಳೆದರು. "ಹೇಳ್ತಾರೆ, ಹೇಳ್ದೆ ಇರ್ತಾರಾ? ನಾಳೆ ಬೆಳಿಗ್ಗೆ ಬಂದು ಕೇಳಿಸ್ಕೊಳ್ಳಿ" ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ನಮ್ಮನೆಯ ಹಳೆಯ ಚೌಕಟ್ಟು ಮಸಿಯಾಗಿ ಹೋಗಿತ್ತು, ಈಗ ಹೊಸದು ಹಾಕಿದ್ದಾರೆ. ಅದಕ್ಕೆ ಯಾರೂ ಏನೂ ಹೇಳುವುದಿಲ್ಲ.

ಈಗ ಬೆಳಿಗ್ಗೆ ಅವರ ಬೆತ್ತದ ಸದ್ದು ಗೋಡೆಯಿಂದ ಗೋಡೆಗೆ ಓಡಾಡಿ ಮೇಲೆ ಹೋಗಿ ನಿಂತ ಕೂಡಲೇ ನಾನು ಒಲೆ ಆರಿಸಿ ಹತ್ತುತ್ತೇನೆ. ಸ್ವಲ್ಪ ತಡವಾದರೂ ಮನಸ್ಸು ತಡೆಯುವುದಿಲ್ಲ. ಅವರು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿರುತ್ತಾರೆ. ನನ್ನ ಮುಖ ನೋಡಿ ಪಿಸುಗುಟ್ಟುತ್ತಾರೆ, ನಾನು ಕಿವಿ ಹತ್ತಿರ ಒಯ್ಯುತ್ತೇನೆ. ಮೊದಲ ದಿನ ಹೀಗೆ ನಿಂತಿದ್ದಾಗ ಒಳಗಿನಿಂದ ವಿಶಾಲಮ್ಮ ಕೂಗಿದರು, "ಏನ್ರೀ ಅದು, ಇನ್ನೂ ಬಾಗಿಲ ಹತ್ರಾನೇ ಮಾತಾಡ್ತಿದೀರಾ?"

ಅವರು ಉತ್ತರ ಹೇಳಲು ಬಾಯಿ ತೆರೆದರು. ಒಳಕೋಣೆಯವರೆಗೆ ಹೋಗುವಷ್ಟು ದನಿ ಎಲ್ಲಿತ್ತು? ನನ್ನ ಕಡೆ ನೋಡಿದರು.

"ಇಲ್ಲ ವಿಶಾಲಮ್ಮ," ನಾನೇ ಹೇಳಿದೆ, "ನನ್ನ ಹತ್ರ ಮಾತಾಡ್ತಿದಾರೆ."

ಆಮೇಲೆ ಕಂಬಿ ಹಿಡಿದು ಕೆಳಗೆ ಬಗ್ಗಿ, ನನ್ನ ಗಂಟಲಿನಲ್ಲಿ ಎಷ್ಟಾಗುತ್ತದೋ ಅಷ್ಟು ಜೋರಾಗಿ ಕೂಗಿದೆ, "ಮೆಟ್ಟಿಲು ಇವತ್ತು ಮೇಷ್ಟ್ರ ಮನೇಲಿದೆ! ಹೊಗೆ ಕಂಡ್ರೆ ಬಗ್ಗಿ ನಡೀರಿ! ಕೇಳಿಸ್ತಾ? ಎಲ್ಲರೂ ತಿರುಗಿ ಹೇಳಿ!"

ಒಂದೊಂದೇ ಬಾಗಿಲು ತೆರೆಯಿತು, ಎಲ್ಲರೂ ಹೊರಗೆ ಬಂದು ನಮ್ಮ ಮುಖ ನೋಡಿದರು. ಎಲ್ಲರೂ ತಿರುಗಿ ಹೇಳಿದರು. ಕಡೆಯಲ್ಲಿ, ನನ್ನ ಪಕ್ಕದಲ್ಲಿ ನಿಂತು, ಅವರೂ ಹೇಳಿದರು.